ತಲೆನೋವು ಬಿಡಿಸಿದ ಬೀಗತಿ

ಬೇವೂರು
18-11-2025, ಮಂಗಳವಾರ

ಚಿ. ಸೌ. ಗಂಗಾಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಇವತ್ತು ಹುಲಿಗೆಮ್ಮನ ಒಪ್ಪತ್ತು. ಎಮ್ಮೆ ಹಿಂಡಿ, ಅಂಗಳ ಸಾರಿಸಿ, ಜಗುಲಿಗೆ ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮತ್ತೆ ಸ್ಪೀಕರಿಗೆ ಹಾಕಿ, ನಾನು ನಿನ್ನನ್ನು ಕೇಳಿದ್ದಕ್ಕೆಲ್ಲ ತಾವೇ ಉತ್ತರ ಕೊಡುತ್ತಾರೆ.

ನಿನಗೆ ಈಗ ಅರೆತಲೆನೋವು ಕಡಿಮೆಯೆಂದು ಕೇಳಿ ಸಂತೋಷವಾಯಿತು. ಆದರೆ ಅದನ್ನು ನಿಮ್ಮತ್ತೆ ಸಣ್ಣವ್ವ ನಮ್ಮೂರಿನ ಮದುವೆಯೊಂದಕ್ಕೆ ಬಂದು ಊಟದ ಪಂಕ್ತಿಯಲ್ಲಿ ಸಾರಬೇಕಿತ್ತೇ? "ಬೀಗತಿ, ಹುಡಿಗಿ ಬ್ಯಾನಿ ತಲ್ಯಾಗ ಅಲ್ರಿ, ಮೂಗಿನ್ಯಾಗ ಇತ್ತು. ಹಡದಾಕಿಗಿ ಗೊತ್ತಾಗಲಿಲ್ಲ ನೋಡ್ರಿ!" ಎಂದರು. ಕೂತವರೆಲ್ಲ ನಕ್ಕರು. "ಸೊಸಿ ಸೀನೂದನ್ನೂ ಕಾಯ್ಕೊಂತ ಕುಂದರ್ತೀರೇನ್ರಿ?" ಎಂದು ನಾನೂ ಬಿಡಲಿಲ್ಲ.

ನಿಮ್ಮತ್ತೆ ಕರೆದುಕೊಂಡು ಹೋಗಿದ್ದ ಕೊಪ್ಪಳದ ಮೂಗಿನ ಡಾಕ್ಟರು ಹೇಳಿದ್ದನ್ನು ನೀನೇ ನನಗೆ ಹೇಳಿದ್ದೆ: "ಅಲರ್ಜಿಗೂ ಅರೆತಲಿನೋವಿಗೂ ನಂಟು ಇರಬಹುದು, ಎಲ್ಲಾರಿಗೂ ಹಂಗ ಅಂತ ಹೇಳಾಕ ಬರೂದಿಲ್ಲ. ಹೊಗಿ, ಧೂಳಿನಿಂದ ದೂರ ಇರ್ರಿ." ಡಾಕ್ಟರು ಇರಬಹುದು ಅಂದದ್ದು ನಿಮ್ಮತ್ತೆಯ ಬಾಯಲ್ಲಿ ಐತಿ ಅಂತಲೇ ಆಯಿತು. ನಿನ್ನ ತಲೆ ಸಿಡಿದಾಗಲೆಲ್ಲ ದೃಷ್ಟಿ ತಾಗಿದೆಯೆಂದು ನಾನು ಮೆಣಸಿನಕಾಯಿ ಸುಟ್ಟು, ಲೋಬಾನ ಹಾಕಿ, ಬಾಗಿಲು ಮುಚ್ಚಿ ನಿನ್ನನ್ನು ಒಳಗೆ ಕೂಡಿಸುತ್ತಿದ್ದೆ. ನೀನು ಸೀನಿದರೆ ದೃಷ್ಟಿ ಇಳಿಯಿತೆಂದು ಸಮಾಧಾನವಾಗುತ್ತಿತ್ತು. ಯಾವ ತಾಯಿ ಮಾಡುವುದಿಲ್ಲ ಹೇಳು?

ಈಗ ಅದೇ ಹೊಗೆಯ ನೆವ ಮಾಡಿ ಬಾಣಂತನ ಭಾಗ್ಯನಗರದ ತಮ್ಮ ಮನೆಯಲ್ಲೇ ಆಗಲಿ ಎನ್ನುತ್ತಾರಂತೆ ನಿಮ್ಮತ್ತೆ. ಚೊಚ್ಚಲ ಹೆರಿಗೆ ತವರಿನದು. ಬಾಣಂತಿಗೆ, ಕೂಸಿಗೆ ಹೊಗೆ ಹಾಕುವುದಿಲ್ಲ, ಹುಲಿಗೆಮ್ಮನ ಆಣೆ. ಕಟ್ಟಿಗೆ ಒಲೆಯನ್ನು ಹಿತ್ತಲಿಗೆ ಸಾಗಿಸಿದ್ದೇನೆ. ಡಾಕ್ಟರು ಹೇಳಿದ್ದಕ್ಕೆ, ನಿಮ್ಮತ್ತೆ ಹೇಳಿದ್ದಕ್ಕಲ್ಲ. "ಹೊಟ್ಟಿಕಿಚ್ಚಿನ ಹೊಗಿ ಎಲ್ಲಿಗಿ ಸಾಗಸ್ತಿ?" ಎಂದು ನಿನ್ನಪ್ಪ ನಗುತ್ತಾರೆ. ನಗಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ತಾಯಿ ಹುಲಿಗೆಮ್ಮ ನಿನ್ನನ್ನೂ ಹೊಟ್ಟೆಯ ಕೂಸನ್ನೂ ಕಾಯಲಿ.

ನಿನ್ನ ಅವ್ವ,
ಹುಲಗಮ್ಮ

ತಾ.ಕ.: ಹೋದ ತಿಂಗಳು ನಾನು ಅಲ್ಲಿಗೆ ಬಂದಾಗ "ಯವ್ವಾ, ನಿನ್ನ ಸೀರಿ ಹೊಗಿ ವಾಸನಿ ಬರಾಕತ್ತೈತಿ" ಎಂದು ನೀನು ಹಿಂದೆ ಸರಿದೆ. ನಿಮ್ಮತ್ತೆ ತಮ್ಮದೊಂದು ಸೀರೆ ತಂದುಕೊಟ್ಟರು. ಅದನ್ನು ಉಟ್ಟ ಮೇಲೆ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ನಿದ್ದೆಗಣ್ಣಿನಲ್ಲಿ "ಅತ್ತೀ, ಇನ್ನೊಂದ್ ಸ್ವಲ್ಪ ತಲಿ ಒತ್ರಿ" ಎಂದೆ. ನಿನಗೆ ನಿದ್ದೆ ಹತ್ತುವವರೆಗೂ ನಾನು ಒತ್ತಿದೆ. ಬಾಣಂತನಕ್ಕೆ ಬರುತ್ತೀಯೋ ಇಲ್ಲವೋ, ನೀನೇ ಬರೆ. ಶುಕ್ರವಾರ ನಿನ್ನ ಅಣ್ಣ ದುರುಗೇಶ ಬರುತ್ತಾನೆ. ಉತ್ತರವನ್ನು ಅವನ ಕೈಯಲ್ಲೇ ಕಳಿಸು.