ಗೋಡೆಯ ಮೇಲೆ ಕಾಣುವ ಗುಂಡಿ

ಮಾರ್ಚ್ ೮, ಭಾನುವಾರ. ಮನೆಯ ಊಟದ ಮೇಜು. ಚಿಕ್ಕಮ್ಮ ಕಿಟಕಿಯ ಬಳಿ ಕೂತಿದ್ದಾರೆ. ಕಟ್ಟಡದ ಬಾಗಿಲು ಬದಲಾದಾಗಿನಿಂದ, ಒಂದು ಸಲ ಬಿಟ್ಟರೆ, ಅವರು ಒಬ್ಬರೇ ಬೀದಿಗಿಳಿದಿಲ್ಲ.

ವಸತಿ ಮಂಡಳಿಯ ಅನುಮೋದನಾಧಿಕಾರಿಗಳೇ,

ತಾವು ಅನುಮೋದಿಸಿದ ಬಾಗಿಲು ನನ್ನ ಚಿಕ್ಕಮ್ಮನಿಗೆ ತೆರೆಯುವುದಿಲ್ಲ. ಬೀಗದ ಕೈಗಳನ್ನು ವಾಪಸು ಪಡೆದು ಆ್ಯಪ್ ಕೊಟ್ಟಿದ್ದೀರಿ. ಒಳಗಿನಿಂದ ಬಾಗಿಲು ಯಾರು ತಳ್ಳಿದರೂ ತೆರೆಯುತ್ತದೆ, ಹೊರಗಿನಿಂದ ಮಾತ್ರ ಫೋನಿನ ಪರದೆಯ ತಳದಲ್ಲಿರುವ ‘ತೆರೆ’ ಎಂಬ ಗುಂಡಿಯನ್ನು ಒತ್ತಬೇಕು. ಚಿಕ್ಕಮ್ಮನ ಫೋನು ಚಿಕ್ಕದು. ಗಂಟು ಕಟ್ಟಿದ ಅವರ ಬೆರಳುಗಳಿಗೆ ಅದಕ್ಕಿಂತ ದೊಡ್ಡದನ್ನು ಹಿಡಿಯಲಾಗದು. ಕಣ್ಣು ಮಂಜಾದ್ದರಿಂದ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದಾರೆ. ಆಗ ಪರದೆಯ ಮೇಲೆ ಮಂಡಳಿಯ ಲಾಂಛನ ಕಾಣುತ್ತದೆ, ಅಧ್ಯಕ್ಷರ ನಗುಮುಖ ಕಾಣುತ್ತದೆ, ಸ್ವಾಗತ ಸಂದೇಶ ಕಾಣುತ್ತದೆ. ಗುಂಡಿ ಪರದೆಯ ಅಂಚಿನಿಂದ ಕೆಳಗೆ ಜಾರಿರುತ್ತದೆ. ಪುಟವನ್ನು ಬೆರಳಿನಿಂದ ಮೇಲೆ ಸರಿಸೋಣವೆಂದರೆ, ಅಧ್ಯಕ್ಷರ ಚಿತ್ರ ಅಲುಗಾಡಬಾರದೆಂದು ತಾವೇ ಪುಟವನ್ನು ಸರಿಯದಂತೆ ಕಟ್ಟಿಹಾಕಿಸಿದ್ದೀರಿ. ಕನ್ನಡಿಯೊಳಗಿನ ಗಂಟಾದರೂ ಕಣ್ಣಿಗೆ ಕಾಣುತ್ತದೆ, ಮಾನ್ಯರೇ. ಈ ಗುಂಡಿಗೆ ಅಷ್ಟು ಭಾಗ್ಯವೂ ಇಲ್ಲ.

ಅಕ್ಷರ ಚಿಕ್ಕದು ಮಾಡಿಕೊಳ್ಳಬಹುದಲ್ಲ ಎನ್ನುತ್ತೀರಿ. ಒಮ್ಮೆ ಮಾಡಿಕೊಂಡು ಬೀದಿಗೆ ಹೋದರು. ಮರಳುವಾಗ ಅಕ್ಷರ ಕಾಣದೆ ‘ತೆರೆ’ಯ ಪಕ್ಕದ ‘ಅಪಾಯ’ ಗುಂಡಿಯನ್ನು ಒತ್ತಿದರು. ಇಡೀ ಕಟ್ಟಡ ಕೂಗಿಕೊಂಡಿತು, ಜನ ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದರು. “ಅಪಾಯ ಎಲ್ಲಜ್ಜೀ?” ಎಂದು ಕೆಳಮನೆಯಾತ ಕೇಳಿದ. “ನಿಮ್ಮೆದುರಿಗೇ ನಿಂತಿದೆಯಲ್ಲಪ್ಪ,” ಎಂದು ಚಿಕ್ಕಮ್ಮ ತಮ್ಮನ್ನೇ ತೋರಿಸಿಕೊಂಡರು. ಎಲ್ಲರೂ ನಕ್ಕರು. ಮರುದಿನದಿಂದ ಅವರು ಬೀದಿಗೆ ಹೋಗಲಿಲ್ಲ.

ಬೀದಿಯ ತುದಿಯ ಬೆಂಚಿನಲ್ಲಿ ಅವರಿಗೊಬ್ಬ ಗೆಳತಿಯಿದ್ದಾರೆ, ನಿವೃತ್ತ ನರ್ಸ್. ಕಾದು ಕಾದು ಸಾಕಾಗಿ, ಈಗ ಅವರೇ ನಮ್ಮ ಬಾಗಿಲಿಗೆ ಬರುತ್ತಾರೆ. ಅವರು ಬಂದರೆ ಮಾತ್ರ ಚಿಕ್ಕಮ್ಮ ಬಾಗಿಲಿನವರೆಗೆ ಇಳಿಯುತ್ತಾರೆ. ಮಂಡಿನೋವಿನ ನರ್ಸಮ್ಮ ನಮ್ಮ ಮೆಟ್ಟಿಲು ಹತ್ತಲಾರರು, ಚಿಕ್ಕಮ್ಮ ಹೊರಗೆ ಬರಲಾರರು. ಒಂದು ಕಾಲನ್ನು ಬಾಗಿಲಿಗೆ ಅಡ್ಡ ಕೊಟ್ಟು ನಿಂತು ಹರಟುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ, ತನ್ನನ್ನು ಮುಚ್ಚಿಲ್ಲವೆಂದು ಬಾಗಿಲು ಶಿಳ್ಳೆ ಹಾಕುತ್ತದೆ.

“ಜೈಲಲ್ಲಾದ್ರೂ ಕೂತ್ಕೊಂಡು ಮಾತಾಡೋಕೆ ಬಿಡ್ತಾರೆ ಕಣೇ,” ಎಂದರು ನರ್ಸಮ್ಮ.

“ಇದನ್ನ ಮಾಡಿದ್ದು ನಮ್ಮನೆ ಹುಡುಗೀನೇ, ಮೆಲ್ಲಗೆ ಮಾತಾಡು,” ಎಂದರು ಚಿಕ್ಕಮ್ಮ.

ನಿಜ. ಆ ಪರದೆಯನ್ನು ರಚಿಸಿದ್ದು ನಾನೇ, ತಮ್ಮ ಗುತ್ತಿಗೆದಾರರ ಕಚೇರಿಯಲ್ಲಿ. ಹೇಗೆ ರಚಿಸಿದೆ ಎಂಬುದು ತಮಗೆ ತಿಳಿದಿದೆ, ಈ ಬಹಿರಂಗ ಪತ್ರದ ಓದುಗರಿಗೂ ತಿಳಿಯಲಿ. ಫೋನಿನ ಮೇಲೆ ಸಹಿ ಹಾಕಲಾಗದು ಎಂಬ ಕಾರಣಕ್ಕೆ, ಪ್ರತಿಯೊಂದು ಪರದೆಯನ್ನೂ ಗೋಡೆಪಟದಷ್ಟು ದೊಡ್ಡ ಹಾಳೆಯಲ್ಲಿ ಮುದ್ರಿಸಿ ತಮ್ಮ ಕೋಣೆಯ ಗೋಡೆಗೆ ಅಂಟಿಸಿದೆವು. ತಾವು ಕುರ್ಚಿಯಿಂದೇಳದೆ ನೋಡಿದಿರಿ.

“ಸರ್, ಸಣ್ಣ ಫೋನಲ್ಲಿ ಗುಂಡಿ ಕೆಳಗೆ ಹೋಗಿಬಿಡುತ್ತೆ.”

“ಇಲ್ಲಿ ಕಾಣ್ತಿದೆಯಲ್ಲಮ್ಮಾ?”

“ಇದು ಹಾಳೆ, ಸರ್.”

“ಸಹಿ ಬೀಳೋದೂ ಹಾಳೆ ಮೇಲೇನೇ.”

ಆಮೇಲೆ ಹಾಳೆಯೇ ಶಾಸನವಾಯಿತು. ಚಿಕ್ಕ ಪರದೆಯಲ್ಲಿ ಚಿತ್ರ ಕುಗ್ಗಲಿ, ಗುಂಡಿ ತಳದಲ್ಲೇ ನಿಲ್ಲಲಿ, ಉಳಿದದ್ದು ಸರಿದಾಡಲಿ ಎಂದು ತಿದ್ದಿ ಕಳಿಸಿದೆ. ‘ಅನುಮೋದಿತ ಹಾಳೆಗೂ ಇದಕ್ಕೂ ವ್ಯತ್ಯಾಸವಿದೆ’ ಎಂದು ಹಿಂದಿರುಗಿತು. ಹಾಗಾದರೆ ಚಿಕ್ಕ ಪರದೆಗೆ ಬೇರೆ ಹಾಳೆ ತರುತ್ತೇನೆ ಎಂದೆ. ‘ಆ್ಯಪ್ ಈಗಾಗಲೇ ಅನುಮೋದಿತ, ಹೊಸ ಹಾಳೆ ಅನಗತ್ಯ’ ಎಂಬ ಉತ್ತರ ಬಂತು. ತಿದ್ದಿದರೆ ವ್ಯತ್ಯಾಸ, ತಿದ್ದದಿದ್ದರೆ ಚಿಕ್ಕಮ್ಮ. ಅಡಕತ್ತರಿಗೂ ಎರಡೇ ಅಲಗು.

ನಾನು ಬೇರೆ ಭಾಷೆಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದುವವಳು. ಮೂಲದ ವಾಕ್ಯದಷ್ಟೇ ಉದ್ದದ ವಾಕ್ಯ ಬರೆದು ನಿಷ್ಠೆ ಮೆರೆದ ಅನುವಾದಕರನ್ನು ಕಂಡಿದ್ದೇನೆ. ಅವರ ಪುಸ್ತಕ ಮೂರನೆಯ ಪುಟದಲ್ಲಿ ಸಾಯುತ್ತದೆ. ಅಗಲದ ಪರದೆಗೆ ಹೇಳಿದ್ದನ್ನು ಚಿಕ್ಕ ಪರದೆಗೆ ಬೇರೆ ರೀತಿಯಲ್ಲಿ ಹೇಳುವುದು ವ್ಯತ್ಯಾಸವಲ್ಲ, ಮಾನ್ಯರೇ. ಅದೇ ನಮ್ಮ ಕೆಲಸ.

ಸಂಜೆ ನಾನೇ ಹೊರಗೆ ಕರೆದೊಯ್ಯುತ್ತೇನೆ ಎಂದು ಚಿಕ್ಕಮ್ಮನಿಗೆ ಹೇಳಿ ನೋಡಿದೆ. “ನಡೆಯೋಕೆ ನಿನಗೆ ಕಲಿಸಿದ್ದು ನಾನು. ಈಗ ನಿನ್ನ ಕೈ ಹಿಡಿದು ಬೀದಿಗೆ ಹೋಗ್ಲಾ?” ಎಂದರು. ಅವರಿಗೆ ಬೇಕಾಗಿರುವುದು ಜೊತೆಯಲ್ಲ. ಬೇಕೆನಿಸಿದಾಗ ಒಬ್ಬರೇ ಹೋಗಿ ಒಬ್ಬರೇ ಮರಳುವುದು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ: ಗೋಡೆಯ ಮೇಲಿನ ಆ ಹಾಳೆಯನ್ನು ಕಿತ್ತುಹಾಕಿ. ಚಿಕ್ಕಮ್ಮನ ಫೋನು ಹಿಡಿದು, ಅಕ್ಷರಗಳನ್ನು ಅವರಿಟ್ಟಷ್ಟೇ ದೊಡ್ಡದಾಗಿಟ್ಟು, ನಮ್ಮ ಬಾಗಿಲ ಹೊರಗೆ ನಿಂತು ಒಳಗೆ ಬನ್ನಿ. ಬರಲಾದರೆ ಈ ಪತ್ರಕ್ಕೆ ಬಹಿರಂಗವಾಗಿಯೇ ಕ್ಷಮೆ ಕೇಳುತ್ತೇನೆ.

ತಿದ್ದಿದ ವಿನ್ಯಾಸ ನನ್ನ ಬಳಿ ಸಿದ್ಧವಿದೆ. ನಾಳೆ ಕಚೇರಿ ತೆರೆದ ಕೂಡಲೇ ತಮ್ಮ ಸಹಿಯಿಲ್ಲದೆ ಅದನ್ನು ಎಲ್ಲ ಫೋನುಗಳಿಗೂ ಬಿಡುಗಡೆ ಮಾಡುವುದೆಂದು ತೀರ್ಮಾನಿಸಿದ್ದೇನೆ. ಕೆಲಸ ಹೋಗುತ್ತದೆಂಬುದೂ ಗೊತ್ತಿದೆ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ. ಅವರು ಕಿಟಕಿಯಿಂದ ನರ್ಸಮ್ಮನಿಗೆ ಏನೋ ಸನ್ನೆ ಮಾಡುತ್ತಿದ್ದಾರೆ. ನಾನು ಒತ್ತಬೇಕಾದ ಗುಂಡಿ ನನ್ನ ಪರದೆಯಲ್ಲಿ ಸ್ಪಷ್ಟವಾಗಿಯೇ ಕಾಣುತ್ತಿದೆ.

ಇಂತಿ,
ಇವತ್ತಿನ ಮಟ್ಟಿಗೆ ತಮ್ಮ ವಿನ್ಯಾಸಗಾರ್ತಿ