ಸೆರಗಿಗೆ ಬಿದ್ದ ಕಾಯಿ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ಬರೀ ರವಿಕೆ ಹೊಲಿಗೆ. ಮಾಯಸಂದ್ರದ ಮದುವೆ ಹೆಂಗಸರಿಗೆಲ್ಲ ಬೆನ್ನಲ್ಲಿ ಕಿಟಕಿ ಬೇಕಂತೆ. ಇರಲಿ ಬಿಡಿ, ಗಾಳಿಯಾಡುತ್ತದೆ.

ಕೋರ್ಟಿನಲ್ಲಿ ನನ್ನ ಸಾಕ್ಷಿ ಹೋದ ತಿಂಗಳೇ ಮುಗಿಯಿತು. ಎರಡು ವರ್ಷದ ಹಿಂದೆ ನಮ್ಮೂರ ಮಲ್ಲೇಶ್ ನನ್ನ ಮೇಲೆ ಅತ್ಯಾಚಾರ ಮಾಡಿದ್ದನ್ನು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಜಡ್ಜ್ ಮುಂದೆ ನೆಟ್ಟಗೆ ಹೇಳಿ ಬಂದೆ. ಆಮೇಲೆ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ. ಇನ್ನು ಅಮ್ಮನ ಸರದಿ. ಆ ಸಂಜೆ ನಾನು ಹೇಗೆ ಮನೆಗೆ ಬಂದೆ ಅಂತ ಕಣ್ಣಾರೆ ಕಂಡವಳು ಅವಳೊಬ್ಬಳೇ.

ಮಾರ್ಚ್ 6

ಮಲ್ಲೇಶನ ದೊಡ್ಡಪ್ಪ ಮರುಳಪ್ಪ, ದೊಡ್ಡಮ್ಮ ಶಿವರುದ್ರಮ್ಮ ಮನೆಗೆ ಬಂದರು. ಅಪ್ಪನಿಗೆ ತಕ್ಷಣ ತೋಟದ ಕೆಲಸ ನೆನಪಾಯಿತು.

"ಹುಡ್ಗ ತಪ್ಪು ಮಾಡವ್ನೆ, ಇಲ್ಲ ಅನ್ನಾಕಿಲ್ಲ. ಅವ್ನೇ ತಾಳಿ ಕಟ್ತಾನೆ ಬುಡು ವಿಮಲಮ್ಮ. ನಿನ್ ಮಗ್ಳನ್ನ ಇನ್ಯಾರು ಮಾಡ್ಕತಾರೆ?" ಅಂದರು ಮರುಳಪ್ಪ.

ಒಳಗೆ ನಾನು ಮಿಷನ್ ಜೋರಾಗಿ ತುಳಿದೆ. ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೊರಡುವಾಗ ಶಿವರುದ್ರಮ್ಮ ಎಲೆ ಅಡಿಕೆ, ತೆಂಗಿನಕಾಯಿ ಮುಂದೆ ಹಿಡಿದರು. ಅಮ್ಮ ಸೆರಗೊಡ್ಡಿಬಿಟ್ಟಳು... ಮುತ್ತೈದೆ ಕೊಟ್ಟದ್ದನ್ನು ಬೇಡ ಅಂದು ಅವಳಿಗೆ ಅಭ್ಯಾಸವೇ ಇಲ್ಲ.

ಕತ್ತಲಾಗುವಷ್ಟರಲ್ಲಿ ಊರೆಲ್ಲ ಸುದ್ದಿ — ತಾಂಬೂಲ ತಗೊಂಡರು, ರಾಜಿ ಆಯ್ತು.

ಮಾರ್ಚ್ 7

ಅಮ್ಮ ಊಟ ಬಿಟ್ಟಿದ್ದಾಳೆ. "ಸೆರಗೊಡ್ಡಿ ಇಸ್ಕಂಡಿವ್ನಿ ಕಣೇ ಭಾನು. ಮಾತು ಕೊಟ್ಟಂಗಾಯ್ತು. ಇನ್ನೆಂಗೆ ಸಾಕ್ಷಿ ಹೇಳ್ಲಿ?"

ನಗು, ಸಿಟ್ಟು, ಅಳು ಒಟ್ಟಿಗೇ ಬಂದವು. ಅಳು ಗೆದ್ದಿತು. ಆಮೇಲೆ ಸರ್ಕಾರಿ ವಕೀಲೆ ಮೀನಾಕ್ಷಮ್ಮನವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಅತ್ಯಾಚಾರಕ್ಕೆ ರಾಜಿ ಇಲ್ಲ ಕಣ್ರೀ ವಿಮಲಮ್ಮ. ನೀವು ಒಪ್ಪಿದ್ರೂ ಕಾನೂನು ಒಪ್ಪಲ್ಲ. ಮದ್ವೆ ಆದ್ರೂ ಕೇಸು ಹೋಗಲ್ಲ. ಕಂಡಿದ್ದು ಹೇಳಿ, ಅಷ್ಟೇ."

"ಅಂಗಾದ್ರೆ ಈ ಕಾಯಿ?"

"ಚಟ್ನಿ ಮಾಡ್ಕೊಳ್ಳಿ."

ಮಾಡಲಿಲ್ಲ. ಕಾಯಿ ದೇವರ ಮುಂದೆ ಕೂತಿದೆ. ಅಮ್ಮ ಅದರ ಮುಂದೆ.

ಮಾರ್ಚ್ 13, ತಿಪಟೂರು ಕೋರ್ಟು

ಅಮ್ಮ ಒಳಗೆ. ನಾನು ಹೊರಗೆ ಬೆಂಚಿನ ಮೇಲೆ. ಏನು ಹೇಳುತ್ತಾಳೋ. ಏನೂ ಕಂಡಿಲ್ಲ ಅಂದುಬಿಟ್ಟರೆ? ಭಯವಾಗುತ್ತಿದೆ.

ಅದೇ ದಿನ, ವಾಪಸ್ ಬಸ್ಸು

ಅಕ್ಷರ ಕುಣಿಯುತ್ತಿವೆ, ನಾನೂ. ಅಮ್ಮ ಕಂಡದ್ದೆಲ್ಲ ಹೇಳಿದಳು. ಅವರ ಕಡೆಯ ವಕೀಲರು ಕೇಳಿದರಂತೆ — ತಾಂಬೂಲ ತಗೊಂಡು ರಾಜಿಗೆ ಒಪ್ಪಿದ್ದು ನಿಜ ತಾನೇ?

"ಕಾಯಿ ಇಸ್ಕಂಡೆ ಸ್ವಾಮಿ. ಮಗ್ಳನ್ನ ಕೊಡ್ನಿಲ್ಲ."

ಜಡ್ಜ್ ಅದನ್ನು ಹಾಗೇ ಬರೆಸಿದರಂತೆ. ಮೀನಾಕ್ಷಮ್ಮ ಹೇಳಿ ಹೇಳಿ ನಕ್ಕರು.

ಈಗ ಪಕ್ಕದ ಸೀಟಿನ ಅಜ್ಜಿ, "ಎಲ್ಗೋಗಿದ್ರವ್ವಾ?" ಅಂದರು. ಎರಡು ವರ್ಷದಿಂದ ಇದಕ್ಕೆ ನಮ್ಮದು ಒಂದೇ ಉತ್ತರ, ಜಮೀನಿನ ಪಹಣಿ ತರೋಕೆ. ನಮ್ಮಷ್ಟು ಪಹಣಿ ತಂದವರು ತುರುವೇಕೆರೆ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ.

ಅಮ್ಮ ನನ್ನ ಮುಖ ನೋಡಿದಳು. "ಹೇಳ್ಲಾ?"

"ಹೇಳು."

ಡ್ರೈವರಿಗೂ ಕೇಳುವ ಹಾಗೆ ಹೇಳುತ್ತಿದ್ದಾಳೆ. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದಾರೆ, ಬಿಡುತ್ತಲೇ ಇಲ್ಲ, ಹೀಗೆ ಹಿಡಿದರೆ ನಾನು ಬರೆಯೋದು —