ಸ್ನೇಹಲ ಮಾಡಿದ ಪ್ರಾರ್ಥನಾ

ಅವ್ವಾ,

ಇವತ್ತ ಅಥಣಿ ಸಾಲ್ಯಾಗ ಸಿಸ್ಟರ್ ಎಲ್‌ಕೆಜಿ ಹುಡುಗರಿಗೆ ಮನಿಯವರ ಸಲುವಾಗಿ ಪ್ರಾರ್ಥನಾ ಮಾಡೂದು ಕಲಿಸ್ಯಾರ. ನನ್ನ ಮಗಳು ಸ್ನೇಹಲ ಎದ್ದು ನಿಂತು, "ಯೇಸಪ್ಪಾ, ಶಿರಗುಪ್ಪ್ಯಾಗಿರೋ ನಮ್ಮ ಪಪ್ಪಾ ರಾವಸಾಹೇಬಗ ನಮ್ಮ ಮನಿ ತೋರಸು" ಅಂದಾಳ.

ಕರಕೊಂಡ ಬರಾಕ ಹೋದಾಗ ಸಾಲಿ ಆಯಾ ನಕ್ಕೋತ ಅಂದ್ಲು: "ನಮ್ಮೂರ ರಾವಸಾಹೇಬನ ಮಗಳೇನ್ರಿ ಇಕಿ? ವರ್ಷಾತು, ನಿಮ್ಮನ್ನ ಹುಡಕಾಕತ್ತಾನ್ರಿ. ಈಗಷ್ಟ ಅಂವಗ ಫೋನ್ ಮಾಡಿ ಹೇಳೇನಿ."

ಸ್ನೇಹಲನ ಕೈ ಹಿಡದು ಮನಿಗೆ ಓಡಿದೆ. ಅಂವ ಮುರದ ನನ್ನ ಕೈ ಇನ್ನೂ ನೆಟ್ಟಗ ಆಗಿಲ್ಲ. ಅಂವ ಅಲ್ಲಿ ಇರ್ತಾನಂತ ಹೆದರಿ, ನೀ ತೀರಿಕೊಂಡಾಗ ನಿನ್ನ ಮಣ್ಣಿಗೂ ಬರಲಿಲ್ಲ.

ಸಿಕ್ಕ ಅರಿವಿ ಚೀಲದಾಗ ತುಂಬ್ಕೊಂಡ ಕುಡಚಿ ಸ್ಟೇಶನ್ನಿಗೆ ಬಂದು ಕುಂತೇನಿ. ರೈಲ್ ಬರಾಕ ಇನ್ನೂ ತಾಸ ಐತಿ.

"ಮಮ್ಮಿ, ಪಪ್ಪಾ ಬಂದ್ರ ಮನಿ ಕೀಲಿ ಯಾರ ತಗೀತಾರ?" ಅಂತಾಳ.

ಹೊರಗ ಮೋಟರ್‌ಸೈಕಲ್ ಸಪ್ಪಳ ಆದಾಗೊಮ್ಮೆ ಅಕಿ ಬಾಯಿ ಮುಚ್ಚಿ ಹಿಡ್ಯಾಕತ್ತೇನಿ.